ಹುಣಸೆ ಮರದ ಅಳಿಲುಗಳಿಗೆ ನೀರಿಟ್ಟ ಬೇಸಿಗೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಸುಳ್ಳಲ್ಲ. ಕೈ ತೋರಿಸಿದರೂ ನಿಲ್ಲಿಸದೆ ಹೋದ ಬಸ್ಸಿನವರ ಜೊತೆ ಜಗಳವಾಡಿದ್ದೇನೆ, ಹಾಲಿನ ಡೇರಿಯಲ್ಲಿ ಜಗಳವಾಡಿದ್ದೇನೆ, ನಮ್ಮ ಬದು ಒತ್ತಿದವರನ್ನು ಬೀದಿಯಲ್ಲಿ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಿದ್ದೇನೆ. ಆದರೆ ಅಳಿಲಿಗೋಸ್ಕರ ಗಂಡನ ಜೊತೆ ಒಂದಿಡೀ ಬೇಸಿಗೆ ಜಗಳ ಆಡುತ್ತೀಯ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಆ ಜಗಳವನ್ನು ನಾನೇ ಗೆದ್ದೆ. ಗೆದ್ದ ಮೇಲೆ ಆ ಅಳಿಲುಗಳನ್ನು ನಾನೇ ಕೊಂದೆ. ಅದನ್ನು ಬರೆಯಲು ಕೂತಿದ್ದೇನೆ.

ನಮ್ಮೂರು ಸುಗಟೂರಿನಿಂದ ಸ್ವಲ್ಪ ಒಳಕ್ಕೆ. ಜಮೀನು ಊರಿಗೂ ಗುಂಡುತೋಪಿಗೂ ನಡುವೆ ಇದೆ. ಒಂದು ಮಗ್ಗುಲಿಗೆ ಮಾವು, ಇನ್ನೊಂದು ಮಗ್ಗುಲಿಗೆ ಟೊಮೆಟೊ, ಎರಡರ ನಡುವಿನ ಬದುವಿನ ಮೇಲೆ ಒಂದು ಹಳೆಯ ಹುಣಸೆ ಮರ. ಗುಂಡುತೋಪು ಎಂದೆನಲ್ಲ, ಈಗ ಅಲ್ಲಿ ತೋಪಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ಹೊಂಗೆ, ಹಿಪ್ಪೆ, ನೇರಳೆ, ಹುಣಸೆ ಒಂದರ ತಲೆ ಇನ್ನೊಂದಕ್ಕೆ ತಾಗುವಂತೆ ನಿಂತಿದ್ದವು. ಎಣಿಸಲು ಹೋದರೆ ನಡುವಿನಲ್ಲೇ ಲೆಕ್ಕ ತಪ್ಪುತ್ತಿತ್ತು. ಊರಿನ ಸೊತ್ತಾದ್ದರಿಂದ ಯಾರೂ ಒಂದು ಕೊಂಬೆ ಕಡಿಯುತ್ತಿರಲಿಲ್ಲ. ಆಮೇಲೆ ಅದೇ ಕಾರಣಕ್ಕೆ, ಊರಿನ ಸೊತ್ತು ಎಂದೇ, ಎಲ್ಲವನ್ನೂ ಕಡಿದರು. ಮೊದಲು ಸಮುದಾಯ ಭವನ ಎದ್ದಿತು, ಆಮೇಲೆ ಅದರ ಮುಂದೆ ಗಾಡಿ ನಿಲ್ಲಿಸಲು ಜಾಗ ಬೇಕಾಯಿತು. ಭವನ ತೆರೆದ ದಿನ ಭಾಷಣ ಮಾಡಿದವರೊಬ್ಬರು ಕೈ ಮುಗಿದು, "ಇದು ನಮ್ಮದೊಂದು ಅಳಿಲು ಸೇವೆ" ಎಂದರು. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದವಳು ಗಟ್ಟಿಯಾಗಿ ನಕ್ಕೆ. ಪಕ್ಕದಲ್ಲಿದ್ದ ನಮ್ಮತ್ತೆ ತೊಡೆಗೆ ಚಿವುಟಿದರು.

ಆ ಮರಗಳಲ್ಲಿದ್ದ ಅಳಿಲುಗಳು ಎಲ್ಲಿಗೆ ಹೋಗಬೇಕು? ಬಹಳಷ್ಟು ಎಲ್ಲಿಗೂ ಹೋಗಲಿಲ್ಲ. ಮರ ಉರುಳಿದ ದಿನಗಳಲ್ಲಿ ನಾಯಿಗಳಿಗೆ ಹಬ್ಬ. ಅಳಿಲು ಮರದಿಂದ ಮರಕ್ಕೆ ಹಾರಿ ಬದುಕುವ ಪ್ರಾಣಿ. ನೆಲಕ್ಕೆ ಇಳಿದರೆ ಅದಕ್ಕೆ ಓಡಲು ಬರುತ್ತದೆ, ಆದರೆ ಎತ್ತ ಓಡಬೇಕೆಂದು ತಿಳಿಯುವುದಿಲ್ಲ. ಉಳಿದ ಕೆಲವು ನಮ್ಮ ಹುಣಸೆ ಮರ ಸೇರಿಕೊಂಡವು. ಎಂಟೋ ಒಂಬತ್ತೋ ಇದ್ದವು. ಗುಂಡುತೋಪಿನ ಅಷ್ಟೂ ಮರಗಳ ಅಳಿಲು ಸಂತಾನದಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಅಷ್ಟೇ.

ಟಿವಿಯಲ್ಲಿ ಘಟ್ಟದ ಕಾಡಿನ ಕೆಂದಳಿಲನ್ನು ತೋರಿಸುತ್ತಾರೆ. ಬೆಕ್ಕಿನಷ್ಟು ದೊಡ್ಡದು, ನೋಡಲು ಚೆಂದ. ಅದನ್ನು ಉಳಿಸಬೇಕು ಎನ್ನುವವರಿದ್ದಾರೆ, ಅದರ ಹಿಂದೆ ಕ್ಯಾಮೆರಾ ಹಿಡಿದು ತಿಂಗಳುಗಟ್ಟಲೆ ಅಲೆಯುವವರಿದ್ದಾರೆ. ಬೇಡ ಎನ್ನುವುದಿಲ್ಲ. ನಮ್ಮ ಕಡೆಯದು ಬೆನ್ನ ಮೇಲೆ ಮೂರು ಗೆರೆಯ ಸಣ್ಣ ಅಳಿಲು. ಎಲ್ಲೆಲ್ಲೂ ಇದೆ ಎಂದು ಎಲ್ಲರೂ ಅಂದುಕೊಂಡಿರುವುದರಿಂದ ಒಂದು ಊರಿನಲ್ಲಿ ಅದು ಇಲ್ಲವಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬಯಲುಸೀಮೆಯಲ್ಲಿ ಅದಕ್ಕೆ ಕಾಡೆಂದರೆ ಗುಂಡುತೋಪೇ. ಆ ಕಾಡು ಹೋದ ಮೇಲೆ ಒಂದೇ ಒಂದು ಹುಣಸೆ ಮರ ಉಳಿಯಿತು, ಅದೂ ನಮ್ಮ ಬದುವಿನ ಮೇಲೆ.

ನಾನು ಅವನ್ನು ನೋಡಲು ಶುರು ಮಾಡಿದ್ದು ಪ್ರೀತಿಯಿಂದಲ್ಲ, ಬೇಸರಕ್ಕೆ. ಮಧ್ಯಾಹ್ನ ಹಸುವಿಗೆ ಹುಲ್ಲು ಕೊಯ್ದು ಮರದ ಕೆಳಗೆ ಕೂತರೆ ನೋಡಲು ಬೇರೇನೂ ಇರುತ್ತಿರಲಿಲ್ಲ. ನೋಡುತ್ತಾ ನೋಡುತ್ತಾ ಅವುಗಳ ಸಂಸಾರ ತಿಳಿಯಿತು. ಬೆಕ್ಕು ಬಂದರೆ ಒಂದು ಕೂಗು, ಮೇಲೆ ಹದ್ದು ಸುತ್ತಿದರೆ ಇನ್ನೊಂದು ಕೂಗು. ಕೂಗುವಾಗ ಪ್ರತಿ ಸಲವೂ ಬಾಲ ಒದರುತ್ತವೆ. ಮಾವಿನ ಹೂವಿನ ಕಾಲಕ್ಕೆ ಮೂತಿಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ಹೋಗುತ್ತವೆ. ಹುಣಸೆ ಬೀಜವನ್ನೂ ಹೊಂಗೆ ಬೀಜವನ್ನೂ ಎಲ್ಲೆಲ್ಲೋ ಹೂತಿಟ್ಟು ಮರೆಯುತ್ತವೆ. ನಮ್ಮ ಬದುವಿನಲ್ಲಿ ಯಾರೂ ನೆಡದ ಮೂರು ಹೊಂಗೆ ಗಿಡ ಎದ್ದಿದ್ದು ಹಾಗೆಯೇ. ಅಳಿಲಿಗೆ ಮರೆವು ಇಲ್ಲದಿದ್ದರೆ ನಮ್ಮ ಸೀಮೆಯಲ್ಲಿ ಮರಗಳು ಇನ್ನೂ ಕಡಿಮೆ ಇರುತ್ತಿದ್ದವು ಅನಿಸುತ್ತದೆ.

ಅವುಗಳಲ್ಲಿ ಒಂದು ಹೆಣ್ಣು. ಬಾಲ ಅರ್ಧಕ್ಕೆ ತುಂಡಾಗಿತ್ತು, ಯಾವುದೋ ಬೆಕ್ಕಿನ ಕೆಲಸ. ನಾನು ಅದನ್ನು ಮೊಂಡು ಬಾಲದವಳು ಎನ್ನುತ್ತಿದ್ದೆ. ಧೈರ್ಯಸ್ಥೆ. ಗೂಡು ಕಟ್ಟುವಾಗ ನಮ್ಮ ಮಂಚದ ನಾರನ್ನೇ ಕಿತ್ತುಕೊಂಡು ಹೋಗುತ್ತಿದ್ದಳು. ಪಕ್ಕದ ಮನೆಯವರು ರೇಷ್ಮೆ ಗೂಡು ಬಿಡಿಸಿದ ಮೇಲೆ ಬಿದಿರಿನ ಚಂದ್ರಿಕೆಗಳನ್ನು ಗೋಡೆಗೆ ಒರಗಿಸಿ ಬಿಸಿಲಿಗಿಡುತ್ತಾರಲ್ಲ, ಅದಕ್ಕೆ ಅಂಟಿದ ಎಳೆಯನ್ನು ಬಾಯಿ ತುಂಬ ತುಂಬಿಕೊಂಡು ಬಿಳಿ ಗಡ್ಡದ ಮುದುಕನ ಹಾಗೆ ಮರ ಹತ್ತುತ್ತಿದ್ದಳು. ನನಗೆ ಅವಳನ್ನು ಕಂಡರೆ ಇಷ್ಟವಾಗಿತ್ತು. ಹೇಳಲು ನಾಚಿಕೆಯೇನೂ ಇಲ್ಲ.

ನಮ್ಮ ಮನೆಯವರಿಗೆ ಇಷ್ಟವಾಗಿರಲಿಲ್ಲ. ಅವರ ಕಡೆಯ ನ್ಯಾಯವನ್ನೂ ಹೇಳಬೇಕು. ಏಪ್ರಿಲ್ ಹೊತ್ತಿಗೆ ನೀರು ನಿಲ್ಲುವ ಕುಂಟೆ ಒಣಗಿ ಬಿರುಕು ಬಿಟ್ಟಿರುತ್ತದೆ. ಸುತ್ತ ಎಲ್ಲೂ ಒಂದು ಹನಿ ನೀರು ಬಯಲಿಗೆ ಕಾಣುವುದಿಲ್ಲ. ನೀರೆಲ್ಲ ಕಪ್ಪು ಡ್ರಿಪ್ ಪೈಪಿನ ಒಳಗೆ. ಅಳಿಲಿಗೆ ಅದು ಗೊತ್ತು. ಬಾಯಾರಿದಾಗ ಇಳಿದು ಬಂದು ಪೈಪು ಕಚ್ಚುತ್ತವೆ. ಕಚ್ಚಿದ ಕಡೆ ನೀರು ಚಿಮ್ಮುತ್ತದೆ, ಕುಡಿದು ಹೋಗುತ್ತವೆ. ಅಲ್ಲಿಂದ ಮುಂದಿನ ಟೊಮೆಟೊ ಗಿಡಗಳಿಗೆ ನೀರು ಹೋಗುವುದಿಲ್ಲ, ಮಧ್ಯಾಹ್ನ ಎರಡರ ಹೊತ್ತಿಗೆ ಇಡೀ ಸಾಲು ಕುತ್ತಿಗೆ ಬಗ್ಗಿಸಿ ನಿಂತಿರುತ್ತದೆ. ಇವರು ಜೇಬಿನಲ್ಲಿ ಬ್ಲೇಡು, ಜಾಯಿಂಟು ತುಂಬಿಕೊಂಡು ಬಿಸಿಲಲ್ಲಿ ಸಾಲು ಸಾಲು ಬಗ್ಗಿ ನೋಡುತ್ತಾ, ತೂತಾದ ಕಡೆ ಕತ್ತರಿಸಿ ಜೋಡಿಸುತ್ತಾ ಹೋಗಬೇಕು. ಈ ಸಾಲು ಮುಗಿಸಿ ಆ ಸಾಲಿಗೆ ಹೋಗುವುದರೊಳಗೆ ಇಲ್ಲಿ ಮತ್ತೊಂದು ಕಾರಂಜಿ.

"ಲೇ, ಇಲ್ನೋಡು ಬಾರೇ, ನಿಮ್ಮ ತವರಿನೋರು ಮತ್ತೆ ಬಂದೋಗವ್ರೆ" ಎಂದು ಕೂಗುತ್ತಿದ್ದರು. ನನ್ನ ತವರು ಮಾಲೂರಿನ ಕಡೆ, ಲಕ್ಕೂರು. ಮೊದಲು ಇದು ತಮಾಷೆಯಾಗಿತ್ತು. ಒಂದು ದಿನ ಒಂದೇ ಮಧ್ಯಾಹ್ನಕ್ಕೆ ಹದಿನಾಲ್ಕು ಕಡೆ ಜೋಡಿಸಿ ಬಂದವರು ಅಂಗಳದಲ್ಲಿ ಕೂತು, ಬೆವರು ಕೂಡ ಒರೆಸಿಕೊಳ್ಳದೆ, ತಣ್ಣಗೆ ಹೇಳಿದರು:

"ಸಾಕಾಯ್ತು ಕಣೇ. ಬೆಲ್ಲಕ್ಕೆ ಔಷ್ದಿ ಕಲ್ಸಿ ಮರದ ಬುಡಕ್ಕೆ ಇಟ್ಬಿಡ್ತೀನಿ. ಎಲ್ರೂ ಅದನ್ನೇ ಮಾಡ್ತಿರೋದು."

ನಮ್ಮತ್ತೆ ಮುಳಬಾಗಿಲಿನ ಆಚೆಯ ಗಡಿ ಊರಿನವರು, ಸಿಟ್ಟು ಬಂದರೆ ಪೂರಾ ತೆಲುಗು. "ಪಾಪಂ ರಾ, ಉಡತಲನಿ ಏಂ ಚೆಯ್ಯೊದ್ದು" ಎಂದರು. ಅಳಿಲಿನ ತಂಟೆಗೆ ಹೋಗಬೇಡ, ಪಾಪ ಬರುತ್ತದೆ ಎಂದು. ರಾಮ ಬೆನ್ನು ಸವರಿದ ಪ್ರಾಣಿ ಅಂತಲೂ ಶುರು ಮಾಡಿದರು. ನನಗೆ ಗೊತ್ತಿತ್ತು, ರಾಮನ ಹೆಸರಿನಿಂದ ಟೊಮೆಟೊ ಗಿಡ ನೆಟ್ಟಗಾಗುವುದಿಲ್ಲ, ಈ ಮನುಷ್ಯನೂ ಬಗ್ಗುವುದಿಲ್ಲ. ನಾನು ಬೇರೆ ದಾರಿ ಹಿಡಿದೆ.

"ಅವು ಕಚ್ಚೋದು ಪೈಪಿನ ರುಚಿಗಲ್ಲ, ನೀರಿಗೆ. ನೀರು ನಾನಿಡ್ತೀನಿ. ಈ ಬೇಸ್ಗೆ ಮುಗಿಯೋಗಂಟ ಪೈಪು ಉಳಿದ್ರೆ ಅಳಿಲು ಉಳೀಬೇಕು. ಉಳೀಲಿಲ್ಲ ಅಂದ್ರೆ ನಿಮ್ಮಿಷ್ಟ, ನಾನು ಬಾಯಿ ಬಿಡಲ್ಲ."

"ನೀನು ಬಾಯಿ ಬಿಡಲ್ವಾ?" ಎಂದು ನಕ್ಕರು. "ಆಯ್ತು ನೋಡಾಣ."

ಮಾರನೇ ದಿನವೇ ತವರಿಗೆ ಹೊರಟೆ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚು ಸುಡುವ ಕಡೆಗಳಲ್ಲಿ ಹೂಕುಂಡದ ಅಡಿಗಿಡುವ ಮಣ್ಣಿನ ತಟ್ಟೆಗಳು ಸಿಗುತ್ತವೆ, ಅಗಲವಾದವು, ಅಂಚು ಒರಟಾಗಿ ಕಾಲಿಗೆ ಹಿಡಿತ ಸಿಗುವಂಥವು. ಆರು ತಟ್ಟೆಗಳನ್ನು ಹುಲ್ಲು ಸುತ್ತಿ ಗೋಣಿಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಹುಣಸೆ ಮರದ ಸುತ್ತ, ನೆರಳು ಬೀಳುವ ಕಡೆ ಇಟ್ಟೆ. ಊರಿನಿಂದ ಬಿಂದಿಗೆ ಹೊರುವ ಕಷ್ಟವೂ ಇರಲಿಲ್ಲ. ಟೊಮೆಟೊ ಸಾಲುಗಳ ಪೈಪುಗಳು ಮರದ ಹತ್ತಿರವೇ ಕೊನೆಯಾಗುತ್ತವೆ. ಕೊನೆಯನ್ನು ಮಡಚಿ ಒಂದು ಪ್ಲಾಸ್ಟಿಕ್ ಬಳೆಗೆ ಸಿಕ್ಕಿಸಿರುತ್ತಾರೆ. ಮೋಟಾರು ಓಡುವಾಗ ಆ ಬಳೆ ಜಾರಿಸಿ ಮಡಿಕೆ ಬಿಚ್ಚಿದರೆ ನೀರು ಬರುತ್ತದೆ. ಪೈಪಿನಲ್ಲಿ ಬಿಸಿಯಾಗಿ ನಿಂತಿದ್ದ ನೀರು ಹರಿದು ಹೋಗುವ ತನಕ ಬಿಟ್ಟು, ತಣ್ಣಗಾದ ಮೇಲೆ ತಟ್ಟೆ ತುಂಬಿಸುತ್ತಿದ್ದೆ.

ಮೊದಲ ಎರಡು ದಿನ ಒಂದೂ ಇಳಿಯಲಿಲ್ಲ. ಮೂರನೇ ದಿನ ಮೊಂಡು ಬಾಲದವಳು ತಲೆಕೆಳಗಾಗಿ ಇಳಿದು, ಅರ್ಧಕ್ಕೆ ನಿಂತು, ನನ್ನನ್ನು ನೋಡಿ ಮತ್ತೆ ಹತ್ತಿದಳು. ನಾಲ್ಕನೇ ದಿನ ಕುಡಿದಳು. ಅವಳ ಹಿಂದೆ ಎಲ್ಲ ಬಂದವು. ಗೊರವಂಕಗಳು ಬಂದವು, ಹರಟೆಮಲ್ಲ ಹಕ್ಕಿಗಳು ಬಂದವು, ಒಂದು ಮುಂಗುಸಿಯೂ ಬಂದು ನನಗೆ ದಿಗಿಲು ಹುಟ್ಟಿಸಿತು. ಪೈಪು ಕಚ್ಚುವುದು ಕಡಿಮೆಯಾಯಿತು, ಎರಡು ವಾರದಲ್ಲಿ ನಿಂತೇ ಹೋಯಿತು. ಇವರು ಒಂದು ಸಂಜೆ ಜೇಬಿನಿಂದ ಜಾಯಿಂಟುಗಳನ್ನೆಲ್ಲ ತೆಗೆದು ಗೋಡೆಯ ಗೂಡಿನಲ್ಲಿಟ್ಟು ಕೈ ತೊಳೆಯಲು ಹೋದರು. ಅವರು ಸೋತೆ ಎನ್ನುವುದು ಹಾಗೆಯೇ. ನಾನು ಒಳಗೊಳಗೇ ಹಿಗ್ಗಿದೆ. ಊರೆಲ್ಲ ಹೇಳಿಕೊಂಡು ತಿರುಗಿದೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಅದೇ ತಿಂಗಳು ಟೊಮೆಟೊ ನೋಡಲು ಬಂದಿದ್ದ ತೋಟಗಾರಿಕೆ ಇಲಾಖೆಯ ಅಧಿಕಾರಿಯೊಬ್ಬರು ತಟ್ಟೆಗಳನ್ನು ಕಂಡು ಏನಿದು ಎಂದು ಕೇಳಿದರು. ಹೇಳಿದೆ. ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡರು. "ರೈತರ ತರಬೇತಿ ಇದ್ದಾಗ ನೀವು ಬಂದು ಮಾತಾಡ್ಬೇಕು ಅಮ್ಮ" ಎಂದರು. ಆ ವಾರವೆಲ್ಲ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮೇ ತಿಂಗಳಲ್ಲಿ ಮೊಂಡು ಬಾಲದವಳು ಮರಿ ಹಾಕಿದಳು. ಗೂಡು ಬಹಳ ಎತ್ತರದಲ್ಲಿತ್ತು, ಕಾಣುತ್ತಿರಲಿಲ್ಲ. ಅವಳ ಹೊಟ್ಟೆ ಇಳಿದಿದ್ದು, ಮೊಲೆ ಊದಿದ್ದು, ದಿನಕ್ಕೆ ನಾಲ್ಕೈದು ಸಲ ನೀರಿಗೆ ಬರುತ್ತಿದ್ದದ್ದು ನೋಡಿ ತಿಳಿದುಕೊಂಡೆ.

ಆಗಲೇ ಶ್ರೀನಿವಾಸಪುರದ ಚಿಕ್ಕಮ್ಮ ಕರೆ ಕಳಿಸಿದರು. ವರ್ಷಕ್ಕೊಂದು ಸಲ ಅವರ ಮನೆಯಲ್ಲಿ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುವ ಕೆಲಸ, ನಾವೆಲ್ಲ ಅಕ್ಕತಂಗಿಯರು ಸೇರುತ್ತೇವೆ. ಎರಡು ದಿನಕ್ಕೆಂದು ಹೋದೆ. ಹೋಗುವ ಮುಂಚೆ ತಟ್ಟೆಗಳನ್ನು ಅಂಚಿನ ತನಕ ತುಂಬಿಸಿ ಹೋದೆ. ಅತ್ತೆಗೆ ಅಷ್ಟು ದೂರ ನಡೆಯಲು ಆಗುವುದಿಲ್ಲ, ಇವರಿಗೆ ಹೇಳಲು ನನ್ನ ಬಿಂಕ ಬಿಡಲಿಲ್ಲ.

ಮೂರನೇ ದಿನ ಮಧ್ಯಾಹ್ನದ ಬಸ್ಸಿಗೆ ಬಂದಿಳಿದೆ. ಬಸ್ಸಿನಿಂದ ಬರುವ ದಾರಿ ಗುಂಡುತೋಪಿನ ಮೇಲೆ. ಆದ್ದರಿಂದ ಮನೆಗಿಂತ ಮೊದಲು ಹುಣಸೆ ಮರವೇ ಸಿಗುತ್ತದೆ. ತಟ್ಟೆಗಳು ಒಣಗಿ ಬಿಳಚಿಕೊಂಡಿದ್ದವು. ಬಿಸಿಲು ಎಂಥದ್ದೆಂದರೆ ಕಾಗೆಗಳು ಕೂಡ ಬಾಯಿ ತೆರೆದು ಕೂತಿದ್ದವು. ಆ ವಾರ ನಮಗೆ ಹಗಲು ಹೊತ್ತು ಕರೆಂಟು, ಮೋಟಾರು ಓಡುವ ಸದ್ದು ಕೇಳುತ್ತಿತ್ತು. ಚೀಲ ಕೆಳಗಿಟ್ಟು ಸೀದಾ ಪೈಪಿನ ಹತ್ತಿರ ಹೋದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ತೋಟಕ್ಕೆ ಔಷಧಿ ಹೊಡೆದ ದಿನ ಅದರ ಖಾಲಿ ಬಾಟಲಿಯನ್ನು ಒಂದು ಕೋಲಿಗೆ ತಲೆಕೆಳಗಾಗಿ ಸಿಕ್ಕಿಸಿ ಬದುವಿನ ಮೇಲೆ ನೆಡುತ್ತೇವೆ. ಹುಲ್ಲು ಕೊಯ್ಯಲು ಬರುವ ಹೆಂಗಸರು ಅದನ್ನು ಕಂಡರೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋಗುತ್ತಾರೆ. ನಾನೂ ಬಗ್ಗುವ ಮುಂಚೆ ಅಭ್ಯಾಸದಂತೆ ಬದುವಿನ ಉದ್ದಕ್ಕೂ ಕಣ್ಣಾಡಿಸಿದೆ. ಬಾಟಲಿ ಇರಲಿಲ್ಲ. ಬಳೆ ಜಾರಿಸಿದೆ. ಬಿಸಿ ನೀರು ಹರಿಯಲು ಬಿಟ್ಟೆ. ಆಮೇಲೆ ಬಂದ ನೀರು ಸ್ವಲ್ಪ ಬೆಳ್ಳಗಿತ್ತು. ನಮ್ಮ ಬೋರಿನ ನೀರೇ ಸುಣ್ಣದ ನೀರು, ಪಾತ್ರೆಗೆಲ್ಲ ಬಿಳಿ ಕಟ್ಟುತ್ತದೆ, ಅದೇ ಇರಬೇಕು ಅಂದುಕೊಂಡೆ. ಒಂದು ವಾಸನೆಯೂ ಇತ್ತು. ಗಿಡದ ಬುಡಕ್ಕೆ ಹೊದಿಸಿದ ಮಲ್ಚಿಂಗ್ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಕಾದದ್ದು ಅಂದುಕೊಂಡೆ. ಈಗ ಯಾರ ಮೇಲೆ ತಪ್ಪು ಹೊರಿಸಲಿ? ನೋಡಿದೆ, ಮೂಸಿದೆ, ಎರಡಕ್ಕೂ ನಾನೇ ಒಂದೊಂದು ಸಮಾಧಾನ ಹೇಳಿಕೊಂಡೆ, ಆರೂ ತಟ್ಟೆ ತುಂಬಿಸಿದೆ.

ನಾನು ನಾಲ್ಕು ಹೆಜ್ಜೆ ಹೋಗುವ ಮೊದಲೇ ಮೊಂಡು ಬಾಲದವಳು ಇಳಿದಳು. ಅಷ್ಟು ನಂಬಿಕೆ ಬಂದಿತ್ತು. ಮುಂಗಾಲು ಅಂಚಿನ ಮೇಲಿಟ್ಟು ಬಹಳ ಹೊತ್ತು ಕುಡಿದಳು. ಅವಳ ಹಿಂದೆ ಇನ್ನೆರಡು. ನಾನು ಚೀಲ ಎತ್ತಿಕೊಳ್ಳುತ್ತಾ ನಿಂತು ನೋಡಿದೆ. ಪಾಪ, ಎಷ್ಟು ಬಾಯಾರಿದ್ದವೋ, ಸಮಯಕ್ಕೆ ಸರಿಯಾಗಿ ಬಂದೆನಲ್ಲ ಎಂದು ಸಂತೋಷಪಟ್ಟೆ. ಆ ಸಂತೋಷ ನೆನಪಾದಾಗೆಲ್ಲ ಈಗಲೂ ನನ್ನ ಮೈ ಉರಿಯುತ್ತದೆ.

ಸಂಜೆ ಹಸು ಹಿಡಿದುಕೊಂಡು ಬರಲು ಹೋದಾಗ ಮರ ಸುಮ್ಮನಿತ್ತು. ಹೊತ್ತು ಮುಳುಗುವ ಮುಂಚೆ ಅವು ಒಂದು ಸುತ್ತು ಕೂಗಾಡುತ್ತವೆ, ಆ ಕೂಗು ಇರಲಿಲ್ಲ. ಮೊದಲು ಕಂಡದ್ದು ಎರಡು ಗೊರವಂಕಗಳು, ತಟ್ಟೆಯ ಪಕ್ಕದಲ್ಲೇ. ಆಮೇಲೆ ಬುಡದಲ್ಲಿ ಒಂದು ಅಳಿಲು, ಬದುವಿನ ಮೇಲೆ ಇನ್ನೊಂದು, ಟೊಮೆಟೊ ಸಾಲಿನಲ್ಲಿ ಎರಡು. ಮೊಂಡು ಬಾಲದವಳು ಕಾಂಡದ ಮೇಲೆ, ನನ್ನ ತಲೆಯ ಎತ್ತರದಲ್ಲಿ, ತೊಗಟೆಯನ್ನು ಉಗುರಿನಲ್ಲಿ ಹಿಡಿದುಕೊಂಡೇ ಸತ್ತಿದ್ದಳು. ಗೂಡಿಗೆ ಹೋಗಲು ಹತ್ತುತ್ತಿದ್ದಳು. ಬಿಡಿಸಲು ಹೋದರೆ ಉಗುರು ಬಿಡಲಿಲ್ಲ.

ಮನೆಗೆ ಹೇಗೆ ಬಂದೆನೋ ತಿಳಿಯದು. ಇವರು ಕಾಫಿ ಕುಡಿಯುತ್ತಿದ್ದರು.

"ಇಟ್ಬಿಟ್ರಲ್ಲ ಕೊನೆಗೂ! ನಾನಿಲ್ಲದಾಗ ಬೆಲ್ಲ ಇಟ್ಬಿಟ್ರಲ್ಲ!" ಎಂದು ಕಿರುಚಿದೆ. ಅವರು ಲೋಟ ಹಿಡಿದುಕೊಂಡೇ ಕಣ್ಣು ಬಿಟ್ಟರು.

"ಯಾವ ಬೆಲ್ಲ? ಏನಾಯ್ತು?"

"ಎಲ್ಲಾ ಸತ್ತು ಬಿದ್ದವೆ ಅಲ್ಲಿ!"

"ನಿಮ್ಮವ್ವನಾಣೆಗೂ ನಾನೇನೂ ಇಟ್ಟಿಲ್ಲ ಕಣೇ" ಎಂದವರು ಲೋಟ ಕೆಳಗಿಟ್ಟು ನಿಧಾನಕ್ಕೆ ಕೇಳಿದರು: "ನೀನು ಬರ್ತಾ ತಟ್ಟೆಗೆ ನೀರು ಬಿಟ್ಯಾ?"

ಹೌದೆಂದು ತಲೆಯಾಡಿಸಿದೆ.

"ಬೆಳಿಗ್ಗೆ ಬಿಳಿ ನೊಣಕ್ಕೆ ಅಂತ ಡ್ರಿಪ್ಪಲ್ಲಿ ಔಷ್ದಿ ಬಿಟ್ಟಿದ್ದೆ. ಮಧ್ಯ ಕರೆಂಟು ಹೋಯ್ತು. ಬಂದ್ಮೇಲೆ ಮಿಕ್ಕಿದ್ದು ಹೋಗ್ತಾ ಇತ್ತು."

"ಬಾಟ್ಲು ಯಾಕೆ ನೆಡ್ಲಿಲ್ಲ?"

"ಡ್ರಿಪ್ಪಿಗೆ ಯಾರು ನೆಡ್ತಾರೆ ಬಾಟ್ಲು? ಎಲೆ ಮೇಲೆ ಬೀಳಲ್ಲ, ಹುಲ್ಲಿನ ಮೇಲೆ ಬೀಳಲ್ಲ. ಮಣ್ಣೊಳಕ್ಕೆ ತಾನೆ ಹೋಗೋದು."

ಅವರು ಹೇಳಿದ್ದು ಸರಿ. ನಮ್ಮೂರಿನಲ್ಲಿ ಯಾರೂ ನೆಡುವುದಿಲ್ಲ. ಡ್ರಿಪ್ಪಿನ ಕೊನೆ ಬಿಚ್ಚಿ ಯಾರೂ ನೀರು ಕುಡಿಯುವುದಿಲ್ಲ, ಕುಡಿಸುವುದೂ ಇಲ್ಲ. ಆ ಬುದ್ಧಿವಂತಿಕೆ ಇಡೀ ಊರಿಗೆ ನನ್ನೊಬ್ಬಳದೇ. ಜಗಳವಾಡಲು ಎದುರಿಗೆ ಯಾರೂ ಇಲ್ಲದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಅವರು ಎದ್ದು ಹೋಗಿ ತಟ್ಟೆಗಳನ್ನು ಬೋರಲು ಹಾಕಿ, ಒಂದೊಂದನ್ನೂ ಗುದ್ದಲಿಯ ಹಿಂಬದಿಯಿಂದ ಒಡೆದು, ಸತ್ತವನ್ನೆಲ್ಲ ಒಂದೇ ಗುಂಡಿಯಲ್ಲಿ ಹೂತು ಬಂದರು. ನಾಯಿ ಕೆದಕಬಾರದೆಂದು ಮೇಲೆ ಕಲ್ಲು ಹೇರಿದರಂತೆ. ಎಷ್ಟಿದ್ದವು ಎಂದು ನಾನು ಕೇಳಲಿಲ್ಲ. ಅತ್ತೆ ದೇವರ ಮುಂದೆ ದೀಪ ಹಚ್ಚಿ ಕೂತರು. ನನ್ನನ್ನು ಒಂದು ಮಾತು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

ಮಾರನೇ ದಿನ ಬೆಳಿಗ್ಗೆ ಮರದ ಕೆಳಗೆ ನಿಂತಾಗ ಮೇಲಿನಿಂದ ಸಣ್ಣ ಸದ್ದು ಬರುತ್ತಿತ್ತು. ಮರಿಗಳು. ಹಸಿದು ಕರೆಯುತ್ತಿದ್ದವು. ಹುಣಸೆ ಉದುರಿಸಲು ಬರುವ ಆಳು ಮೂರೂರು ಆಚೆ ಇದ್ದಾನೆ, ಫೋನು ಮಾಡಿದರೆ ತೆಗೆಯಲಿಲ್ಲ. ನಾನು ಸೆರಗು ಕಟ್ಟಿ ಮೊದಲ ಕವಲಿನ ತನಕ ಹತ್ತಿದೆ, ಅದರ ಮೇಲೆ ಕೈ ಸಾಲಲಿಲ್ಲ. ಕೆಳಗೆ ನೋಡಿದರೆ ಇವರು ಮಾವು ಕೀಳುವ ಏಣಿ ಹೊತ್ತು ಬರುತ್ತಿದ್ದರು.

"ಇಳಿ ನೀನು. ಬಿದ್ದು ಸತ್ರೆ ನಾನು ಯಾರ ಕೈಲಿ ಬೈಸ್ಕೊಳ್ಲಿ?"

ಐವತ್ತೈದು ದಾಟಿದ, ಮಂಡಿ ನೋವಿನ ಮನುಷ್ಯ. ಏಣಿ ಮುಗಿದ ಮೇಲೆ ಕೊಂಬೆ ಹಿಡಿದು, ಬಾಯಲ್ಲಿ ಟವೆಲಿನ ತುದಿ ಕಚ್ಚಿಕೊಂಡು ಹತ್ತಿದರು. ನಾನು ಕೆಳಗೆ ನಿಂತು ಬೇಡ ಬನ್ನಿ, ಬೇಡ ಬನ್ನಿ ಎನ್ನುತ್ತಲೇ ಇದ್ದೆ. ಗೂಡನ್ನು ಇಡಿಯಾಗಿ ಟವೆಲಿನಲ್ಲಿ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟುಕೊಂಡು ಇಳಿದರು. ಮುಂಗೈಯೆಲ್ಲ ತರಚಿ ರಕ್ತ ಬಂದಿತ್ತು. ಬಿಚ್ಚಿ ನೋಡಿದರೆ ನಾರು, ಗೋಣಿ ಎಳೆ, ಅವರದೇ ಹರಿದ ಬನಿಯನ್ನಿನ ಚೂರು, ಒಳಗಡೆ ಮೆತ್ತಗೆ ರೇಷ್ಮೆ. ಅದರ ನಡುವೆ ಮೂರು ಮರಿ. ಕಣ್ಣು ಬಿಟ್ಟಿರಲಿಲ್ಲ, ಬೆನ್ನ ಮೇಲೆ ಗೆರೆ ಮಾತ್ರ ಆಗಲೇ ಮೂಡಿತ್ತು. ಒಂದು ತಣ್ಣಗಾಗಿತ್ತು.

ಉಳಿದೆರಡಕ್ಕೆ ಆಡಿನ ಹಾಲನ್ನು ನೀರು ಬೆರೆಸಿ ಹತ್ತಿಯ ಬತ್ತಿಯಲ್ಲಿ ಕುಡಿಸಿದೆವು. ಇವರು ಪಶುವೈದ್ಯರಿಗೆ ಫೋನು ಮಾಡಿದರು. ಬೆಚ್ಚಗಿಡಿ, ಬದುಕುವುದು ಕಷ್ಟ ಎಂದರಂತೆ. ಒಂದು ಅದೇ ದಿನ ಹೋಯಿತು. ಇನ್ನೊಂದು ಎರಡು ದಿನ ಇತ್ತು. ನನ್ನ ಅಂಗೈಯಲ್ಲಿ ಮಲಗಿ ಬತ್ತಿ ಚೀಪುತ್ತಿತ್ತು, ಬಲವಾಗಿ ಚೀಪುತ್ತಿತ್ತು. ಉಳಿಯುತ್ತದೆ ಎಂದೇ ನಂಬಿದ್ದೆ. ಮೂರನೇ ದಿನ ಬೆಳಿಗ್ಗೆ ಅದನ್ನು ಇಟ್ಟಿದ್ದ ಬುಟ್ಟಿಯ ಮುಂದೆ ಇವರು ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಹತ್ತಿರ ಹೋದರೂ ತಿರುಗಲಿಲ್ಲ.

"ಸಾಯ್ಸೋಣ ಅಂತ ನಾನಂದಿದ್ದು ನಿಜ" ಎಂದರು. "ಅಂದಿದ್ದಷ್ಟೇ ಕಣೇ."

ನಾನು ಯಾರು ಸತ್ತರೂ ಅಳದವಳು ಎಂದು ಊರಿನವರು ಅನ್ನುತ್ತಾರೆ. ಅವತ್ತು ಅತ್ತಿದ್ದು ಮಾತ್ರ ಬೀದಿಗೆಲ್ಲ ಕೇಳಿಸಿತು.

ಆಮೇಲೆ ಒಂದೆರಡು ಅಳಿಲು ಎಲ್ಲಾದರೂ ಉಳಿದಿರಬಹುದೆಂದು ದಿನಾ ಹೋಗಿ ನಿಲ್ಲುತ್ತಿದ್ದೆ. ಮಳೆ ಬಂತು, ಹುಣಸೆ ಚಿಗುರಿತು, ಚಿಗುರು ಕಚ್ಚಿ ಉದುರಿಸುವವರಿರಲಿಲ್ಲ. ಬೇರೆ ಕಡೆಯಿಂದ ಬರಲು ದಾರಿಯೂ ಇಲ್ಲ. ಸುತ್ತ ಬಯಲು, ಆ ಬಯಲು ದಾಟಿ ಬರುವ ಅಳಿಲನ್ನು ನಾಯಿಗಳು ಬಿಡುವುದಿಲ್ಲ. ಒಂದು ಊರಿನಿಂದ ಒಂದು ಪ್ರಾಣಿ ಹೋಗುವುದೆಂದರೆ ಇಷ್ಟೇ, ಯಾವ ಗದ್ದಲವೂ ಇಲ್ಲ ಎಂದು ನನಗೆ ಆಗ ತಿಳಿಯಿತು.

ಜುಲೈ ಕೊನೆಯಲ್ಲಿ ಆ ಅಧಿಕಾರಿ ಫೋನು ಮಾಡಿದರು. ಶ್ರೀನಿವಾಸಪುರದಲ್ಲಿ ರೈತರ ತರಬೇತಿ, ನೀರಿನ ತಟ್ಟೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕು, ಫೋಟೊ ಪರದೆಯ ಮೇಲೆ ತೋರಿಸುತ್ತೇವೆ ಎಂದರು. ಆಗುವುದಿಲ್ಲ ಎಂದೆ. ಫೋನು ಇಟ್ಟ ಮೇಲೆ ಯೋಚನೆ ಹತ್ತಿತು. ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ಅದನ್ನು ಕೇಳಿ ಎಲ್ಲಾದರೂ ಯಾರಾದರೂ ತಟ್ಟೆ ಇಟ್ಟಿದ್ದರೆ? ಡ್ರಿಪ್ಪಿನ ಕೊನೆಯಿಂದಲೇ ತುಂಬಿಸುತ್ತಿದ್ದರೆ? ಮತ್ತೆ ಫೋನು ಮಾಡಿ ಬರುತ್ತೇನೆ ಎಂದೆ. ಇವರೂ ಜೊತೆಗೆ ಬಂದರು. ಹಿಂದಿನ ಸಾಲಿನಲ್ಲಿ ಕೂತರು.

ಹಾಲ್ ತುಂಬಿತ್ತು. ಬಹಳಷ್ಟು ಮಾವಿನ ತೋಟದವರು. ಪರದೆಯ ಮೇಲೆ ತಟ್ಟೆ, ಅದರ ಅಂಚಿನಲ್ಲಿ ಮೊಂಡು ಬಾಲದವಳು. ಆ ಫೋಟೊದಲ್ಲಿ ಅವಳಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಪರದೆಗೆ ಬೆನ್ನು ಮಾಡಿ ಶುರು ಮಾಡಿದೆ. ಪೈಪು ಯಾಕೆ ಕಚ್ಚುತ್ತವೆ, ನೀರಿಟ್ಟರೆ ಹೇಗೆ ನಿಲ್ಲುತ್ತದೆ, ತಟ್ಟೆ ಎಂಥದಿರಬೇಕು, ಎಲ್ಲಿಡಬೇಕು ಎಲ್ಲ ಹೇಳಿದೆ. ಜನ ಆಕಳಿಸುತ್ತಾ, ಮೊಬೈಲು ನೋಡುತ್ತಾ ಕೂತಿದ್ದರು. ಆಮೇಲೆ ಮೇ ತಿಂಗಳದ್ದನ್ನೂ ಹೇಳಿದೆ. ಒಂದನ್ನೂ ಮುಚ್ಚಿಡಲಿಲ್ಲ. ನೀರು ಬೆಳ್ಳಗಿದ್ದದ್ದು, ವಾಸನೆ ಬಂದದ್ದು, ನಾನು ನೋಡಿಯೂ ತುಂಬಿಸಿದ್ದು, ಸಂಜೆಯೊಳಗೆ ಒಂದೂ ಉಳಿಯದ್ದು. ಡ್ರಿಪ್ಪಿನ ನೀರನ್ನು ಯಾವ ಜೀವಕ್ಕೂ ಇಡಬೇಡಿ, ಡ್ರಿಪ್ಪಿಗೆ ಔಷಧಿ ಬಿಟ್ಟ ದಿನವೂ ಬಾಟಲಿ ನೆಡಿ ಎಂದು ಕೈ ಮುಗಿದು ಕೇಳಿಕೊಂಡೆ. ಮೊಬೈಲುಗಳೆಲ್ಲ ಕೆಳಗಿಳಿದಿದ್ದವು. ಕೇಳಿಸಿಕೊಂಡರು, ಮನಸ್ಸಿಗೆ ತಾಕಿತು ಎಂದು ನನಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ಎರಡನೇ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ಒಗೆದ ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ. ಮರ್ಯಾದಸ್ಥರು, ಮಾತು ಕೂಡ ಮೆತ್ತಗೆ.

"ಒಳ್ಳೇದು ಹೇಳಿದ್ರಿ ತಾಯಿ. ನಮ್ಮ ತೋಟದಾಗೂ ಬಲೇ ಕಾಟ, ಏನ್ ಮಾಡಿದ್ರೂ ಹೋಗಾಕಿಲ್ಲ. ಒಂದೇ ದಿನ್ಕೆ ಎಲ್ಲಾ ಹೋದ್ವು ಅಂದ್ರಲ್ಲ, ಅದು ಯಾವ ಔಷ್ದಿ? ಎಷ್ಟು ನೀರಿಗೆ ಎಷ್ಟು ಹಾಕಿದ್ರಿ,‌ ಅದನ್ನ ಹೇಳ್ಬುಡಿ."

ಯಾರೂ ನಗಲಿಲ್ಲ. ಅವರು ತಮಾಷೆಗೆ ಕೇಳಿರಲಿಲ್ಲ. ಹಿಂದಿನ ಸಾಲಿನಿಂದ ಇವರು ಎದ್ದು, "ಹೇಳ್ಬೇಡ, ಬಾ" ಎಂದರು. ನಾನು ಅಲ್ಲೇ ನಿಂತಿದ್ದೆ. ತಟ್ಟೆಯ ಬಗ್ಗೆ ಅಷ್ಟು ಹೊತ್ತು ಮಾತಾಡುವಾಗ ಆ ಹಾಲ್‌ನಲ್ಲಿ ಒಬ್ಬರ ಕೈಯಲ್ಲೂ ಪೆನ್ನು ಇರಲಿಲ್ಲ. ಈಗ ಮೊದಲ ಮೂರು ಸಾಲಿನಲ್ಲಿ ಎಲ್ಲರೂ ಪುಸ್ತಕ ತೆರೆದು, ಪೆನ್ನು ಹಿಡಿದು, ನನ್ನ ಬಾಯನ್ನೇ ನೋಡುತ್ತಾ ಕೂತಿದ್ದರು.